ಕ್ರಿಸ್‌ಮಸ್ ಚಿತ್ರಕ್ಕೆ ತೊಳೆದ ಕಾಲುಚೀಲವೊಂದು ಸಾಕು

ಡಿಸೆಂಬರ್ ಬಂತೆಂದರೆ ಮಂಗಳೂರಿನ ನಮ್ಮ ಬೀದಿಯ ಮನೆಗಳ ಮುಂದೆ ನಕ್ಷತ್ರದ ದೀಪಗಳು ತೂಗತೊಡಗುತ್ತವೆ. ಅದೇ ಹೊತ್ತಿಗೆ ಮಕ್ಕಳ ಕೈಗೆ ಅಚ್ಚು ಹಾಕಿದ ಹಾಳೆಯೊಂದೂ ಬರುತ್ತದೆ. ಅದರಲ್ಲಿ ಉಡುಗೊರೆ ತುಂಬಲೆಂದು ತೂಗುಬಿಡುವ ಕ್ರಿಸ್‌ಮಸ್ ಕಾಲುಚೀಲದ ಗೆರೆಚಿತ್ರ ಮೊದಲೇ ಇರುತ್ತದೆ. ಮಗು ಒಳಗೆಲ್ಲ ಕೆಂಪು ತುಂಬಿ, ಮೇಲಿನ ಪಟ್ಟಿಯನ್ನು ಬಿಳಿಯಾಗಿ ಬಿಟ್ಟರೆ ಆಯಿತು. ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಚಿತ್ರ ಬಿಡಿಸಲು ಸೇರುವ ಮಕ್ಕಳಿಗೆ ಆ ಹಾಳೆಯನ್ನು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಹಾಳೆಯ ಬದಲು ಬಟ್ಟೆ ಒಣಹಾಕುವ ಹಗ್ಗಕ್ಕೆ ನಿಜವಾದ ಕಾಲುಚೀಲವೊಂದನ್ನು ಕ್ಲಿಪ್ಪು ಹಾಕಿ ತೂಗುಬಿಡುತ್ತೇನೆ.

ಇದಕ್ಕೆ ಕಾರಣ ಆ ಕಾಲುಚೀಲದ ಕಥೆಯಲ್ಲೇ ಇದೆ. ಇಂದಿನ ತುರ್ಕಿಯ ದೆಮ್ರೆ ಊರಿನ ಬಳಿ ಹಿಂದೆ ಮೈರಾ ಎಂಬ ಪಟ್ಟಣವಿತ್ತು. ನಾಲ್ಕನೆಯ ಶತಮಾನದಲ್ಲಿ ಅಲ್ಲಿನ ಬಿಷಪರಾಗಿದ್ದ ಸಂತ ನಿಕೊಲಸರ ಬಗ್ಗೆ ಜನ ಹೇಳಿಕೊಂಡು ಬಂದ ಕಥೆಯಿದು: ವರದಕ್ಷಿಣೆಗೆ ಗತಿಯಿಲ್ಲದೆ ಕಂಗಾಲಾದ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳಿಗಾಗಿ ಅವರು ರಾತ್ರಿ ಯಾರಿಗೂ ಕಾಣದಂತೆ ಚಿನ್ನದ ಗಂಟನ್ನು ಮನೆಯೊಳಗೆ ಎಸೆದರು. ಕಥೆ ಬಾಯಿಂದ ಬಾಯಿಗೆ ಸಾಗುತ್ತಾ, ಆ ಚಿನ್ನವು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತೆಂಬ ಮಾತೂ ಸೇರಿಕೊಂಡಿತು. ವರದಕ್ಷಿಣೆಯ ಸಂಕಟವನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ ಎಂಬುದು ನೋವಿನ ಸಂಗತಿ. ಆದರೆ ಅವರು ಗಮನಿಸಲೇಬೇಕಾದದ್ದು ಇನ್ನೊಂದಿದೆ: ಅದು ಹಬ್ಬಕ್ಕೆಂದು ಹೊಲಿಸಿದ ಅಲಂಕಾರದ ಚೀಲವಾಗಿರಲಿಲ್ಲ, ಹೆಣ್ಣುಮಗಳೊಬ್ಬಳು ದಿನವೂ ಹಾಕಿಕೊಂಡು, ಒಗೆದು ಒಣಹಾಕಿದ್ದ ಕಾಲುಚೀಲವಾಗಿತ್ತು.

1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಕವಿಯ ಹೆಸರಿಲ್ಲದೆ ಪ್ರಕಟವಾದ ಪದ್ಯವೊಂದು ಹೊಗೆಗೂಡಿನ ಪಕ್ಕ ತೂಗುವ ಕಾಲುಚೀಲಗಳನ್ನು ಅಮೆರಿಕದ ಮನೆಮನೆಗೆ ಪರಿಚಯಿಸಿತು. ಮಂಗಳೂರಿನ ಹಳೆಯ ಕ್ರೈಸ್ತ ಮನೆಗಳ ಹಬ್ಬವೆಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟುವುದು, ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡಿ ನೆರೆಹೊರೆಗೆ ಹಂಚುವುದು. ಕಾಲುಚೀಲ ಅಲ್ಲಿಗೆ ತಡವಾಗಿ ಬಂದ ಅತಿಥಿ; ಬಂದಿದೆಯಾದರೆ ಅದರ ಕಥೆಯೊಂದಿಗೇ ಬರಲಿ ಎಂಬುದು ನನ್ನ ಆಸೆ.

ಹಗ್ಗದಲ್ಲಿ ತೂಗುವ ಕಾಲುಚೀಲವನ್ನು ಮಕ್ಕಳು ಮೊದಲ ಹತ್ತು ನಿಮಿಷ ಖಾಲಿಯಾಗಿಯೇ ಬಿಡಿಸುತ್ತಾರೆ. ಆಮೇಲೆ ನಾನು ಅದರೊಳಗೆ ಒಂದು ಕಿತ್ತಳೆಯನ್ನು ಇಳಿಬಿಡುತ್ತೇನೆ. ಪಾಶ್ಚಾತ್ಯ ಮನೆಗಳಲ್ಲಿ ಕಾಲುಚೀಲದ ತುದಿಗೆ ಕಿತ್ತಳೆ ಹಾಕುವ ರೂಢಿಯಿದೆ. ಅದು ನಿಕೊಲಸರ ಚಿನ್ನದ ಗುರುತೆಂದು ಹೇಳುತ್ತಾರೆ. ಹಣ್ಣು ಬಿದ್ದ ಕೂಡಲೇ ಕಾಲುಚೀಲ ಬೇರೆಯೇ ಆಗಿಬಿಡುತ್ತದೆ. ಅಚ್ಚಿನ ಹಾಳೆಯಲ್ಲಿ ಪಾದ ಮುಂದಕ್ಕೆ ನೆಟ್ಟಗೆ ಚಾಚಿಕೊಂಡಿರುತ್ತದೆ. ಇಲ್ಲಿ ಅದು ಭಾರಕ್ಕೆ ಜಗ್ಗಿ ಕೆಳಮುಖವಾಗುತ್ತದೆ, ಹಿಮ್ಮಡಿಯ ಉಬ್ಬು ಮಾಯವಾಗುತ್ತದೆ, ಒತ್ತೊತ್ತಾಗಿದ್ದ ಹೆಣಿಗೆಯ ಸಾಲುಗಳು ಹಣ್ಣಿನ ಸುತ್ತ ಬಿಲ್ಲಿನಂತೆ ಬಾಗಿ ಅಗಲವಾಗುತ್ತವೆ, ಎಳೆಗಳ ನಡುವಿನಿಂದ ಕಿತ್ತಳೆಯ ಬಣ್ಣ ಒಂದಿಷ್ಟು ಇಣುಕುತ್ತದೆ. ಆ ಬಾಗಿದ ಗೆರೆಗಳನ್ನು ಕಂಡುಕೊಂಡ ಮಗುವಿಗೆ ಭಾರವನ್ನು ಕಾಗದದ ಮೇಲೆ ತೋರಿಸುವ ಬಗೆ ತಾನಾಗಿಯೇ ತಿಳಿಯುತ್ತದೆ; ನಾನು ಬಾಯಿ ತೆರೆಯಬೇಕಾಗುವುದಿಲ್ಲ. ಬಿಳಿಯ ಪಟ್ಟಿ ಬೇಕೆನ್ನುವವರಿಗೆ ಮೇಣದಬತ್ತಿಯ ತುಂಡು ಕೊಡುತ್ತೇನೆ. ಮೇಣ ಉಜ್ಜಿದ ಕಡೆ ಜಲವರ್ಣ ಹಿಡಿಯುವುದಿಲ್ಲವಾದ್ದರಿಂದ ಮೇಲೆ ಕುಂಚ ಎಳೆದರೆ ಬಿಳಿ ಹಾಗೆಯೇ ಉಳಿದು ಉಣ್ಣೆಯಂತೆ ತರಿತರಿಯಾಗಿ ಕಾಣುತ್ತದೆ.

ಕಳೆದ ವರ್ಷ ಎರಡನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಸಮವಸ್ತ್ರದ ಕಾಲುಚೀಲವನ್ನೇ ತಂದಿದ್ದಳು. ಅದು ಬೂದು ಬಣ್ಣದ್ದು, ಮೇಲೆ ಎರಡು ನೀಲಿ ಗೆರೆ, ಹೆಬ್ಬೆರಳಿನ ಬಳಿ ಅವಳ ಅಜ್ಜಿ ಬೇರೆ ದಾರದಲ್ಲಿ ಹೊಲಿದ ತೇಪೆ. ಅವಳು ಬೂದಿಗೆ ಬೂದನ್ನೇ ಬಳಿದಳು, ತೇಪೆಯ ಹೊಲಿಗೆಯನ್ನು ಒಂದೊಂದಾಗಿ ಎಣಿಸಿ ಬಿಡಿಸಿದಳು, ಬಾಯಿಯ ತನಕ ಕುಸ್ವಾರಿನ ಸಿಹಿತಿಂಡಿಯಾದ ಕಿಡಿಯೊ ತುಂಬಿಸಿದಳು. ಕರೆದೊಯ್ಯಲು ಬಂದ ತಾಯಿಯ ಮುಖ ಸಪ್ಪಗಾಯಿತು. "ಕೆಂಪು ಬಣ್ಣವೇ ಇಲ್ಲವಲ್ಲ ಟೀಚರ್, ಇದು ಕ್ರಿಸ್‌ಮಸ್‌ನದ್ದು ಅಂತ ಯಾರಿಗೆ ಗೊತ್ತಾಗುತ್ತದೆ?" ಎಂದು ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಏಕೆಂದರೆ ಸ್ಪರ್ಧೆಗಳಲ್ಲಿ ಬಹುಮಾನ ಸಿಗುವುದು ಗೆರೆ ದಾಟದ ಕೆಂಪಿಗೇ. ಆದರೂ ಮೈರಾದ ಆ ಮನೆಯ ಒಲೆಯ ಬಳಿ ತೂಗುತ್ತಿದ್ದ ಕಾಲುಚೀಲಕ್ಕೆ ಅಂದು ಬಿಡಿಸಿದ ಚಿತ್ರಗಳಲ್ಲೆಲ್ಲ ಅತಿ ಹತ್ತಿರವಾದದ್ದು ಇವಳ ಚಿತ್ರವೇ ಎಂದು ನಾನು ಅವರಿಗೆ ಹೇಳಿದೆ, ಈಗಲೂ ಹಾಗೆಯೇ ನಂಬಿದ್ದೇನೆ.

ಬರುವ ಭಾನುವಾರ ಮಕ್ಕಳನ್ನು ಕಳುಹಿಸುವವರು ದಯವಿಟ್ಟು ಹೊಸ ಕಾಲುಚೀಲ ಕೊಳ್ಳಬೇಡಿ. ಮನೆಯಲ್ಲಿರುವುದನ್ನೇ ತೊಳೆದು ಕಳುಹಿಸಿ, ತೂತಿದ್ದರೂ ಸರಿ. ಕಿತ್ತಳೆ ನಾನು ತಂದಿಟ್ಟಿರುತ್ತೇನೆ.