ಲಗೇಜ್ ದುಡ್ಡು ಬೇಕು, ಹೊಣೆ ಮಾತ್ರ ಬೇಡ

ಯಾರದೋ ಟೈಲ್ಸ್ ಬಾಕ್ಸ್ ಒಡೆಯಬಾರದು ಅಂತ ಬಸ್ಸಿನ ಡಿಕ್ಕಿಯಲ್ಲಿ ನನ್ನ ಸೂಸಾಫೋನ್ ಮೇಲೆ ಇಟ್ಟರಂತೆ. ಬ್ಯಾಂಡಿನಲ್ಲಿ ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ ಅದು. ಕೆಳಗೆ ಮೆತ್ತಗಿತ್ತಂತೆ!

ಆ ಮೆತ್ತನೆ ನನ್ನದು ಕಣ್ರೀ. ನಾನು ಸುತ್ತಿದ ಜಮಖಾನ ಅದು. ಮೇಲಿನ ಬೆಲ್, ಅಂದರೆ ನಾದ ಹೊರಬರುವ ಬಾಯಿ, ಎರಡು ಅಡಿಗಿಂತ ಅಗಲ, ಅದನ್ನು ಬಿಚ್ಚಿ, ಒಳಗೆ ಹಳೆ ಸೀರೆ ತುರುಕಿ, ಬೇರೆ ಚೀಲಕ್ಕೆ ಹಾಕಿದ್ದೆ. ತುಟಿ ಇಟ್ಟು ಊದುವ ಮೌತ್‌ಪೀಸ್ ಜೇಬಿನಲ್ಲಿತ್ತು. ಅದನ್ನು ವಾದ್ಯದಲ್ಲೇ ಬಿಟ್ಟರೆ ಒಂದು ಏಟಿಗೆ ಕಚ್ಚಿಕೊಂಡು ಆಮೇಲೆ ಬರುವುದೇ ಇಲ್ಲ. ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ವಾಲ್ವ್‌ಗಳು ಮೇಲೆ ಬರುವ ಹಾಗೆ ಡಿಕ್ಕಿಯಲ್ಲಿ ನಾನೇ ಮಲಗಿಸಿದೆ. "ಇದರ ಮೇಲೆ ಏನೂ ಇಡಬೇಡಿ ಅಣ್ಣ" ಅಂತ ಕ್ಲೀನರ್‌ಗೆ ಕೈ ಮುಗಿದೆ. ಇನ್ನೊಂದು ಸೀಟಿಗೂ ಟಿಕೆಟ್ ತಗೋತೀನಿ, ಒಳಗೇ ಇಟ್ಕೋತೀನಿ ಅಂತಲೂ ಕೇಳಿದ್ದೆ. ಆಗಲ್ಲ ಅಂದರು. ಲಗೇಜ್ ಅಂತ 200 ರೂಪಾಯಿ ಮಾತ್ರ ತಗೊಂಡರು.

ಈಗ ಮೊದಲ ವಾಲ್ವಿನ ಕೊಳವೆ ನೆಗ್ಗಿದೆ. ಬೆರಳ ತುದಿಯಷ್ಟು ನೆಗ್ಗು. ಆದರೆ ಕೊಳವೆಗೂ ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್‌ಗೂ ನಡುವೆ ಕೂದಲೆಳೆಯಷ್ಟೂ ಸಂದು ಇರುವುದಿಲ್ಲ. ಒತ್ತಿದರೆ ಅರ್ಧಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೇಲೆ ಬರಲ್ಲ.

ಕೇಳಿದ್ದಕ್ಕೆ ಕ್ಲೀನರ್ ಏನಂದ ಗೊತ್ತಾ? "ಹಿತ್ತಾಳೆ ತಾನೇ? ಪಾತ್ರೆ ಅಂಗಡೀಲಿ ಕೊಡಿ, ಎರಡೇಟು ಹಾಕಿ ಸರಿ ಮಾಡ್ತಾರೆ." ಲಗೇಜಿಗೆ ಕಾದು ನಿಂತವರೆಲ್ಲ ನಕ್ಕರು. ನಾನು ನೆಲದ ಮೇಲೆ ಮೊಣಕಾಲೂರಿ ಕೂತಿದ್ದೆ. ವಾಲ್ವಿಗೆ ಎಣ್ಣೆ ಬಿಡುತ್ತಿದ್ದೆ. "ಊದಿ ತೋರಿಸಿ ನೋಡೋಣ, ಕೆಟ್ಟಿದೆಯೋ ಇಲ್ವೋ" ಅಂದ. ಊದಿದೆ. ಅವನ ಬಾಯಿ ಮುಚ್ಚಿಸಬೇಕು ಅಂತಲೇ ಊದಿದೆ. ಗಾಳಿಗೆ ದಾರಿಯೇ ಇರಲಿಲ್ಲ, ಬುಸ್ ಅಂತು ಅಷ್ಟೇ. ಮತ್ತೆ ನಗು. ಒಬ್ಬರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಟೈಲ್ಸ್‌ನವರು ಬಾಕ್ಸ್ ಬಿಚ್ಚಿ ನೋಡಿ, ಎಲ್ಲಾ ಚೆನ್ನಾಗಿದೆ ಅಂತ ಆಟೋ ಹತ್ತಿ ಹೋದರು.

ಹೋಗಲಿ ಬಿಡಿ. ಅವನಿಗೆ ದಿನಾ ರಾಶಿ ರಾಶಿ ಚೀಲ, ಅದರಲ್ಲಿ ನಮ್ಮದೊಂದು. ಮದುವೆ ಬ್ಯಾಂಡಿನವರಿಗೆ ಯಾರು ಬೆಲೆ ಕೊಟ್ಟಿದ್ದಾರೆ?

ಇಲ್ಲ, ಯಾಕೆ ಬಿಡಬೇಕು? ಇದು ಬ್ಯಾಂಡ್ ವಾದ್ಯ ತಯಾರಿಸುವ ಮೀರತ್‌ನ ಜಲೀ ಕೋಠಿಯಿಂದ ತರಿಸಿದ್ದು. ಮನೆಯ ಅನ್ನ ಇದು. ಕೊಳವೆಯೊಳಗೆ ಅಳತೆಗೆ ಸರಿಯಾದ ಸಲಾಕೆ ಇಳಿಸಿ, ಮೆಲ್ಲಗೆ ತಟ್ಟಿ ನೆಗ್ಗು ತೆಗೆಯಬೇಕು. ಪಾತ್ರೆಯವರ ಸುತ್ತಿಗೆ ಬಿದ್ದರೆ ಮುಗೀತು. ಮದುವೆ ಸೀಸನ್ನಿನಲ್ಲಿ ಮೀರತ್‌ಗೆ ಕಳಿಸಿ ಕೂತರೆ ನನ್ನ ಕೂಲಿ ಯಾರು ಕೊಡುತ್ತಾರೆ?

ಬಸ್ಸಿನ ಆಫೀಸಿಗೆ ಫೋನ್ ಮಾಡಿದೆ. ಚೀಟಿಯ ಹಿಂದೆ ಓದಿ ಅಂದರು. 'ಲಗೇಜಿಗೆ ನಾವು ಜವಾಬ್ದಾರರಲ್ಲ' ಅಂತಿದೆ. ಹಾಗಾದರೆ ಆ 200 ರೂಪಾಯಿ ಯಾವುದಕ್ಕೆ? ಡಿಕ್ಕಿಯ ಬಾಗಿಲು ತೆಗೆದದ್ದಕ್ಕಾ? ಬಸ್ ಓಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ನೀವಲ್ಲದಿದ್ದರೆ ಬೇರೆ ಯಾರಾದರೂ ಕೊಡಿ.

ಶಿವಮೊಗ್ಗ, ಭದ್ರಾವತಿ ಕಡೆ ವಾಲ್ವ್ ರಿಪೇರಿ ಬಲ್ಲವರಿದ್ದರೆ ಈಗಲೇ ತಿಳಿಸಿ. ಸಂಜೆ ಆರಕ್ಕೆ ಮೆರವಣಿಗೆ ಇದೆ, ಅಡ್ವಾನ್ಸ್ ತಗೊಂಡಾಗಿದೆ.