ಮೈಲಿಯೇ ಮೈಲಿಗೆ

ಗಂಟೆಗೆ 400 ಕಿಲೋಮೀಟರ್ ಓಡಬಲ್ಲ ಕಾರಿಗೆ ಅತಿ ಹೆಚ್ಚು ಬೆಲೆ ಬರುವುದು ಯಾವಾಗ? ಓಡದೆ ನಿಂತಾಗ. ಸೂಪರ್‌ಕಾರ್ ಭಕ್ತಮಂಡಲಿಯಲ್ಲಿ ಈ ಬಗ್ಗೆ ಎರಡು ಮಾತಿಲ್ಲ.

ಅಲ್ಲಿ ಇರುವುದಕ್ಕಿಂತ ಇಲ್ಲದಿರುವುದಕ್ಕೇ ಬೆಲೆ. ಫೆರಾರಿ ಎಫ್40 ನೋಡಿ. ರೇಡಿಯೊ ಇಲ್ಲ, ಕಾರ್ಪೆಟ್ ಇಲ್ಲ, ಒಳಗಿನಿಂದ ಬಾಗಿಲು ತೆರೆಯಲು ಎಳೆಯಬೇಕಾದದ್ದು ಒಂದು ದಾರ. ಸಾಧಾರಣ ಕಾರಿನಲ್ಲಿ ಹೀಗಿದ್ದರೆ ಶೋರೂಮಿನವನ ಕಾಲರ್ ಹಿಡಿಯುತ್ತಿದ್ದರು. ಇಲ್ಲಿ ಆ ದಾರವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ತೂಕ ಉಳಿಸಲೆಂದು ಬಣ್ಣವನ್ನು ಎಷ್ಟು ತೆಳ್ಳಗೆ ಹೊಡೆದಿದ್ದಾರೆಂದರೆ, ಅಡಿಯಲ್ಲಿರುವ, ಬಟ್ಟೆಯಂತೆ ನೇಯ್ದ ಕಾರ್ಬನ್ ಫೈಬರ್ ಮೈಯ ಎಳೆ ಕಾಣುತ್ತದೆ. ಕಾಣಲೇಬೇಕು. ಬಣ್ಣ ದಪ್ಪಗೆ, ನುಣ್ಣಗೆ ಇದ್ದರೆ ಪರೀಕ್ಷಕ ಹುಬ್ಬು ಗಂಟಿಕ್ಕುತ್ತಾನೆ: ಯಾವಾಗಲೋ ಗುದ್ದಿಸಿ ಮತ್ತೆ ಪೇಂಟ್ ಮಾಡಿಸಿರಬೇಕು! ಮೊದಮೊದಲ ಕಾರುಗಳಲ್ಲಿ ಪಕ್ಕಕ್ಕೆ ಜಾರಿಸುವ ಪ್ಲಾಸ್ಟಿಕ್ ಕಿಟಕಿ. ಆಮೇಲೆ ಬಂದ, ಇಳಿಸಿ ಏರಿಸಬಹುದಾದ ಕಿಟಕಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ.

ಇನ್ನು ಸಂಖ್ಯಾಶಾಸ್ತ್ರ. ಎಫ್50ಗೆ 350 ಗಿರಾಕಿಗಳು ಸಿಗುತ್ತಾರೆಂದು ಲೆಕ್ಕ ಹಾಕಿ ಫೆರಾರಿ ಮಾಡಿದ್ದು 349. ಆ ಒಂದು ಕಾರಿನ ಕೊರತೆಯೇ ಉಳಿದವಕ್ಕೆ ಕಿರೀಟ. ಹಾಗಂತ 'ಸೀಮಿತ' ಎಂಬ ಬೇಲಿ ಕಬ್ಬಿಣದ್ದೇನಲ್ಲ. ಸುಮಾರು 400 ಎಂದು ಹೊರಟ ಎಫ್40 ನಿಂತದ್ದು 1300 ದಾಟಿದ ಮೇಲೆ. 50 ಮಾತ್ರ ಎಂದಿದ್ದ ಕೋನಿಗ್ಸೆಗ್ ಸಿಸಿ850, 70 ಆಯಿತು. ಪಗಾನಿ ಜೋಂಡಾ ಎಷ್ಟು ಸಲ 'ಕೊನೆಯದು' ಆಯಿತೋ, ಅಷ್ಟೇ ಸಲ ಮತ್ತೆ ಹುಟ್ಟಿತು.

ಆದರೆ ನಿಜವಾದ ತಪಸ್ಸು ಶುರುವಾಗುವುದು ಗ್ಯಾರೇಜಿನ ಬಾಗಿಲು ಮುಚ್ಚಿದ ಮೇಲೆ. ಓಡಿದ ದೂರ ಎಣಿಸುವ ಓಡೋಮೀಟರ್ ಅಲುಗದಂತೆ ಕಾಯ್ದುಕೊಂಡು ಕೂತರೆ ಕಾರು ಸುಮ್ಮನಿರುತ್ತದೆಯೇ? ಅಲಾರಂ, ಕಂಪ್ಯೂಟರ್ ಎಲ್ಲ ಸೇರಿ ನಿಂತಲ್ಲೇ ಬ್ಯಾಟರಿ ಹೀರುತ್ತವೆ. ಅದಕ್ಕೆ ಸದಾ ಚಾರ್ಜರ್ ಚುಚ್ಚಿರಬೇಕು. ಒಂದೇ ಕಡೆ ಭಾರ ಬಿದ್ದು ಟೈರ್ ಚಪ್ಪಟೆಯಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆ ತಾಗದ ರಬ್ಬರ್ ಸೀಲ್ ಒಣಗಿ ಗಟ್ಟಿಯಾಗುತ್ತದೆ, ಮುಂದೊಂದು ದಿನ ಸ್ಟಾರ್ಟ್ ಮಾಡಿದ ಕೂಡಲೇ ಸೋರುತ್ತದೆ. ಕೆಲವರು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಗುರುಗುಟ್ಟಿಸಿ ಪುಣ್ಯ ಬಂತೆಂದುಕೊಳ್ಳುತ್ತಾರೆ. ಇದು ಇನ್ನೂ ಕೆಟ್ಟದ್ದು. ಆಯಿಲ್ ಪೂರ್ತಿ ಬಿಸಿಯಾಗದಿದ್ದರೆ ಒಳಗೆ ಕೂತ ನೀರು ಆವಿಯಾಗಿ ಹೋಗದೆ ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿಯುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿದರೆ ಸರಿಹೋದೀತು, ಆದರೆ ಮೀಟರ್ ಏರುತ್ತದಲ್ಲ!

ಟೈರ್ ವಿಷಯ ಇನ್ನೂ ಸ್ವಾರಸ್ಯ. ಅದರ ಪಕ್ಕೆಯ ಮೇಲೆ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಹುಟ್ಟಿದ ವಾರ, ವರ್ಷ ಬರೆದಿರುತ್ತದೆ. 2319 ಅಂದರೆ 2019ರ 23ನೇ ವಾರ. ಕಾರ್ಖಾನೆಯಿಂದ ಬಂದ ಮೂಲ ಟೈರೇ ಇದೆ ಎಂದು ಹೆಮ್ಮೆಪಡುವವರಿದ್ದಾರೆ. ಕಚ್ಚು ಸವೆದಿಲ್ಲ ನಿಜ, ಆದರೆ ರಬ್ಬರ್ ಕಲ್ಲಾಗಿ ಹಿಡಿತ ಹೋಗಿರುತ್ತದೆ. ಪೋರ್ಷೆ ಕರೇರಾ ಜಿಟಿಯಂಥ 612 ಅಶ್ವಶಕ್ತಿಯ ಕಾರನ್ನು ಅಂಥ ಟೈರಿನ ಮೇಲೆ ತಿರುವಿಗೆ ಒಯ್ದರೆ, ಹಿಂಭಾಗ ಮುಂದೆ ಬಂದು ದಾರಿ ಕೇಳುತ್ತದೆ.

ಖರ್ಚಿನ ಶಿಖರ ಮೆಕ್‌ಲಾರೆನ್ ಎಫ್1. ಇದ್ದದ್ದೇ 106 ಕಾರು. ಅದರ ಪೆಟ್ರೋಲ್ ಟ್ಯಾಂಕಿನೊಳಗಿನ ರಬ್ಬರ್ ಚೀಲವನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಕಾರು ಓಡಿತೋ ಇಲ್ಲವೋ ಎಂದು ರಬ್ಬರ್ ಕೇಳುವುದಿಲ್ಲ. ಅದಕ್ಕಾಗಿ ಎಂಜಿನ್ ಹೊರಗೆ ತೆಗೆಯಬೇಕು. ಹೀಗೆ ಬಾಗಿಲಾಚೆ ಹೆಜ್ಜೆ ಇಡದ ಕಾರಿನ ಎಂಜಿನ್ ಐದು ವರ್ಷಕ್ಕೊಮ್ಮೆ ತಾನೊಂದೇ ಹೊರಬಂದು ಗಾಳಿ ಕುಡಿದು ಒಳಹೋಗುತ್ತದೆ.

ಈ ಎಫ್1 ಕಾರಿನ ಜೊತೆ ಹಗುರವಾದ ಟೈಟಾನಿಯಂ ಸ್ಪ್ಯಾನರ್‌ಗಳ ಪೆಟ್ಟಿಗೆಯೂ, ಅಳತೆಗೆ ಹೊಲಿದ ಚರ್ಮದ ಚೀಲಗಳೂ ಬಂದಿದ್ದವು. ಮಾರುವಾಗ ಇವೆಲ್ಲ ಇರಲೇಬೇಕು, ಆದರೆ ಸ್ಪ್ಯಾನರ್ ಬೋಲ್ಟ್ ಕಂಡಿರಬಾರದು, ಚೀಲ ಬಟ್ಟೆ ಕಂಡಿರಬಾರದು. ವ್ಯಾಪಾರ ಕುದುರಿತೋ, ಕಾರು ಮುಚ್ಚಿದ ಲಾರಿ ಏರಿ ಮುಂದಿನ ಗ್ಯಾರೇಜಿಗೆ ಸಾಗುತ್ತದೆ. ಸರ್ವೀಸಿಗೂ ಲಾರಿ, ಪ್ರದರ್ಶನಕ್ಕೂ ಲಾರಿ. ಕಾರಿಗಾಗಿ ಓಡಿದ ಕಿಲೋಮೀಟರ್ ಲೆಕ್ಕ ಬೇಕಿದ್ದರೆ ಲಾರಿ ಡ್ರೈವರನ್ನೇ ಕೇಳಬೇಕು.