ಎರಡೇ ನಿಮಿಷ ಸಾರ್, ಈಗ ತೆಗೀತೀನಿ

ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಗಾಡಿ ನಿಲ್ಲಿಸಿದವರು ಇದುವರೆಗೆ ಯಾರೂ ಸಿಕ್ಕಿಲ್ಲ. ಮದುವೆ ಜವಳಿ ತೆಗೆಯಲು ಬೀಗರ ಸಮೇತ ಅಂಗಡಿಯೊಳಗೆ ಹೋದವರೂ ಹೊರಗೆ ತಲೆಹಾಕಿ ಹೇಳುವುದು ಅದನ್ನೇ: "ಎರಡೇ ನಿಮಿಷ ಸಾರ್, ಈಗ ತೆಗೀತೀನಿ." ಜವಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಟ್ರಾಫಿಕ್ ಪೊಲೀಸರಿಗೂ ಗೊತ್ತು. ಅವರ ಮನೆಯಲ್ಲೂ ಮದುವೆಗಳಾಗಿವೆ.

ಈ ಎರಡು ನಿಮಿಷ ಕಾನೂನಿನಲ್ಲಿ ಎಲ್ಲೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ, ದಿಕ್ಕುದೆಸೆಯಿಲ್ಲದೆ 10 ಗಂಟೆ ನಿಂತ ಗಾಡಿಯನ್ನು ಎಳೆದೊಯ್ಯಬಹುದು. ನಿಲುಗಡೆ ನಿಷೇಧವಿರುವ ಜಾಗವಾದರೆ ಆ 10 ಗಂಟೆಯೂ ಕಾಯಬೇಕಿಲ್ಲ. ನಮ್ಮ ಜನಕ್ಕೆ ಮೊದಲನೇ ವಾಕ್ಯ ಬಾಯಿಪಾಠವಿದೆ. ಎರಡನೆಯದನ್ನು ಓದುವಷ್ಟರಲ್ಲಿ ಯಾರೋ ಹಾರ್ನ್ ಹೊಡೆದಿರಬೇಕು.

ಲೆಕ್ಕ ಸರಳ. ರಸ್ತೆ 7 ಮೀಟರ್ ಅಗಲ ಅಂದುಕೊಳ್ಳಿ. ಅಡ್ಡಲಾಗಿ ನಿಲ್ಲಿಸಿದ ಬೈಕು ಹತ್ತಿರ ಹತ್ತಿರ 2 ಮೀಟರ್ ನುಂಗುತ್ತದೆ, ಎರಡೂ ಬದಿ ಸೇರಿದರೆ 4. ಉಳಿದ 3 ಮೀಟರಿನಲ್ಲಿ ಬಸ್ಸಿಗೇ ಎರಡೂವರೆ ಬೇಕು. ಇನ್ನುಳಿದ ಅರ್ಧ ಮೀಟರಿನಲ್ಲಿ ಎದುರಿಂದ ಬಂದ ಆಟೊ, ಜೀನ್ಸ್ ಮೂಟೆ ಹೇರಿಕೊಂಡ ಮೊಪೆಡ್, ಜೊತೆಗೆ ಎಲ್ಲಿಂದಲೋ ಇಳಿದುಬಂದು "ಹೋಕ್ಕತಿ ಬರ್ರೀ, ಇನ್ನೊಂಚೂರು ಬರ್ರೀ" ಎಂದು ಕೈಯಾಡಿಸುವ ಒಬ್ಬ ಮಹಾನುಭಾವ. ಜಾಮ್ ಬಿಗಿಯಾಗುವುದು ಇವನು ಬಂದ ಮೇಲೆಯೇ. ಬಸ್ಸು ಅಲ್ಲಿಯವರೆಗೆ ಹಿಂದಕ್ಕಾದರೂ ಹೋಗಬಹುದಿತ್ತು.

ಕೆಲಸ ಬಲ್ಲ ಹವಾಲ್ದಾರರು ಬೈಕಿನ ಸಾಲಿನ ನಡುವೆ ಕೈಹಾಕುವುದಿಲ್ಲ, ತಿರುವಿನ ಬಾಯಿಂದಲೇ ಶುರುಮಾಡುತ್ತಾರೆ. ತಿರುವಿನಲ್ಲಿ ನಿಂತ ಮೊದಲ ಬೈಕೇ ಉಳಿದವರಿಗೆ ಗೆರೆ. ಅದು ರಸ್ತೆಗೆ ಒಂದು ಮೊಳ ಮುಂದೆ ಬಂದಿದ್ದರೆ ಎರಡನೆಯವನು ಅದರ ಸಮಕ್ಕೆ ನಿಲ್ಲಿಸುತ್ತಾನೆ, ಮೂರನೆಯವನು ಇನ್ನೂ ನಾಲ್ಕು ಬೆರಳು ಮುಂದೆ. ಸಂಜೆಯ ಹೊತ್ತಿಗೆ ಬಿಳಿ ಪಟ್ಟಿ ಗಾಡಿಗಳ ಹಿಂದೆ ಎಲ್ಲೋ ಉಳಿದುಬಿಟ್ಟಿರುತ್ತದೆ.

ಇನ್ನು ಬೈಕನ್ನು ಲಾರಿಗೆ ಎತ್ತುವ ಶಾಸ್ತ್ರ. ಮೊದಲು ಮೈಕಿನಲ್ಲಿ ನಂಬರ್ ಕೂಗಬೇಕು. ಬರೀ "ಕೆಎ 34" ಅಂದರೆ ಪ್ರಯೋಜನವಿಲ್ಲ, ಊರಿನದೆಲ್ಲ ಅದೇ. ಕೊನೆಯ ನಾಲ್ಕು ಅಂಕಿ ಎರಡು ಸಲ ಹೇಳಬೇಕು. ಆಮೇಲೆ ಫೋಟೊ: ನಿಂತ ಜಾಗ, ನಂಬರ್ ಪ್ಲೇಟು, ಮೊದಲೇ ಇದ್ದ ಗೀರುಗಳು. ಗೀರಿನ ಫೋಟೊ ಮರೆತರೆ ಹತ್ತು ವರ್ಷದ ಹಳೇ ಗೀರೂ ಅವತ್ತೇ ಬಿದ್ದದ್ದಾಗುತ್ತದೆ. ಹ್ಯಾಂಡಲ್ ಲಾಕ್ ಆಗಿರುವುದರಿಂದ ತಳ್ಳಲು ಬರುವುದಿಲ್ಲ. ಇಬ್ಬರು ಮುಂದಿನ ಫೋರ್ಕ್ ಹಿಡಿಯಬೇಕು, ಇಬ್ಬರು ಸೀಟಿನ ಹಿಂದಿನ ಹಿಡಿ. ಸೈಡ್ ಸ್ಟ್ಯಾಂಡ್ ಮಡಚದಿದ್ದರೆ ಅದು ಲಾರಿಯ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ಹುಡುಗ ಮೊದಲ ದಿನ ಸೈಲೆನ್ಸರ್ ಮುಟ್ಟುತ್ತಾನೆ, ಎರಡನೇ ದಿನ ಮುಟ್ಟುವುದಿಲ್ಲ. ಗಾಡಿಯನ್ನು ಮಲಗಿಸಬಾರದು, ಪೆಟ್ರೋಲ್ ಸೋರುತ್ತದೆ. ನಿಲ್ಲಿಸಿ ಹಗ್ಗ ಬಿಗಿದರೆ ಹ್ಯಾಂಡಲುಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಳ್ಳುತ್ತವೆ. ಹಾಗಾಗಿ ಮೊದಲು ಹತ್ತಿಸಿದ್ದು ಕೊನೆಗೇ ಇಳಿಯಬೇಕು. ವಿಧಿಯಾಟ ನೋಡಿ, ಏದುಸಿರು ಬಿಡುತ್ತ ಮೊದಲು ಓಡಿಬರುವವನು ಯಾವಾಗಲೂ ಆ ಮೊದಲ ಬೈಕಿನ ಯಜಮಾನನೇ.

ಕಾರಿಗೆ ಹಳದಿ ಚಕ್ರದ ಲಾಕು. ಇದರಲ್ಲೊಂದು ತಮಾಷೆ ಇದೆ: ಅಡ್ಡ ನಿಂತ ಕಾರಿಗೆ ಲಾಕ್ ಹಾಕಿದರೆ ಅಡ್ಡಿ ಇನ್ನಷ್ಟು ಭದ್ರವಾಗುತ್ತದೆ. ಯಜಮಾನ ಸಿಗುವ ತನಕ ಅದು ಅಲ್ಲೇ, ಈಗ ಸರ್ಕಾರಿ ರಕ್ಷಣೆಯಲ್ಲಿ. ಓಡಾಟಕ್ಕೆ ತೊಂದರೆಯಾಗದ ಕಡೆ ತಪ್ಪು ನಿಲ್ಲಿಸಿದವನಿಗೆ ಲಾಕು, ತೊಂದರೆ ಕೊಡುತ್ತಿರುವವನಿಗೆ ಕ್ರೇನು. ಸರಿಯಾದ ಕ್ರಮ ಇದು. ಕ್ರೇನ್ ಅದೇ ಜಾಮಿನ ಹಿಂದೆ ಸಿಕ್ಕಿಹಾಕಿಕೊಂಡಿರುತ್ತದೆ ಅನ್ನುವುದು ಬೇರೆ ಮಾತು.

ಅಡ್ಡಿಯಾಗುವಂತೆ ನಿಲ್ಲಿಸಿದ್ದಕ್ಕೆ 201ನೇ ಕಲಂ ಕೆಳಗೆ 500 ರೂಪಾಯಿವರೆಗೆ ದಂಡ, ಎಳೆದೊಯ್ದ ಖರ್ಚು ಪ್ರತ್ಯೇಕ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಅಂದಿನಿಂದ ಕೆಲವರು ದಂಡದ ರಿಯಾಯಿತಿಯನ್ನೂ ಆಷಾಢದ ಸೀರೆ ಸೇಲ್‌ನಂತೆ ಕಾಯುತ್ತಿದ್ದಾರೆ.

ಬೇಸಿಗೆ ಬಂತೆಂದರೆ ಸಿಗ್ನಲ್ಲಿನ ಗಣಿತವೇ ಬದಲಾಗುತ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನ ರಾಯಲ್ ಸರ್ಕಲ್ ಕಡೆ ಬನ್ನಿ (ಕಾಗದದ ಮೇಲೆ ಅದು ಗಡಿಗಿ ಚೆನ್ನಪ್ಪ ವೃತ್ತ). ಕೆಂಪು ದೀಪ ಬಿದ್ದಾಗ ಬಿಳಿ ಗೆರೆಯ ಹತ್ತಿರ ಒಂದು ನರಪಿಳ್ಳೆಯೂ ಇರುವುದಿಲ್ಲ. ಎಲ್ಲರೂ ಹಿಂದೆ ಎಲ್ಲಿ ಗಿಡದ್ದೋ ಕಟ್ಟಡದ್ದೋ ನೆರಳು ಬಿದ್ದಿದೆಯೋ ಅಲ್ಲಿ, ಆ ನೆರಳಿನ ಆಕಾರದಲ್ಲೇ ಒತ್ತೊತ್ತಾಗಿ ನಿಂತಿರುತ್ತಾರೆ. ಊರಲ್ಲಿ ತಂತಾನೇ ಪಾಲನೆಯಾಗುವ ಶಿಸ್ತು ಇದೊಂದೇ. ಹಸಿರು ಬಂದಾಗ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ ತಲೆಗೆ ಬರಬೇಕು, ಆಫ್ ಮಾಡಿದ ಎಂಜಿನ್ ಎಚ್ಚರವಾಗಬೇಕು, ಆಮೇಲೆ ಗೆರೆಯವರೆಗೆ ಪಯಣ. ಅಷ್ಟರಲ್ಲಿ ಹಸಿರಿನ ಮೊದಲ ಏಳೆಂಟು ಸೆಕೆಂಡು ಖಾಲಿ ರಸ್ತೆಗೆ ಹೋಯಿತು. ಕೊನೆಯಲ್ಲಿ ಸಾಮಾನ್ಯವಾಗಿ 3 ಸೆಕೆಂಡ್ ಹಳದಿ. ನಿಲ್ಲಲು ತಯಾರಾಗಿ ಎಂದು ಅದು ಹೇಳುತ್ತಿದ್ದರೆ, ನಮ್ಮವರಿಗೆ ಕೇಳಿಸುವುದು ಬಸ್ ಸ್ಟ್ಯಾಂಡಿನ ಕೊನೇ ಸೀಟಿಯಷ್ಟೇ. ಪೊಲೀಸರಿಗೂ ಬಿಸಿಲು ಬಿಸಿಲೇ ಆದ್ದರಿಂದ ಅವರೂ ಅದೇ ನೆರಳಿನಲ್ಲಿರುತ್ತಾರೆ. ಮೊಣಕೈಗೆ ಹೆಲ್ಮೆಟ್ ಸಿಕ್ಕಿಸಿಕೊಂಡವರು ತಾವಾಗಿಯೇ ಬಂದು ಅವರ ಪಕ್ಕ ನಿಲ್ಲುತ್ತಾರೆ, 500 ರೂಪಾಯಿ ಕೊಟ್ಟು ಬಿಸಿಲಿಗೆ ಹೋಗುತ್ತಾರೆ.

ಫುಟ್‌ಪಾತ್ ತೆರವು ಇನ್ನೂ ಸೂಕ್ಷ್ಮ. ಹೊರಗಿನವರಿಗೆ ಕಾಣುವುದು ಜೆಸಿಬಿ ಮಾತ್ರ, ಆದರೆ ಅದಕ್ಕಿಂತ ಮೊದಲು ಬರಬೇಕಾದವನು ಜೆಸ್ಕಾಂ ಲೈನ್‌ಮನ್. ಅಂಗಡಿಯ ತಗಡಿನ ಶೀಟಿನ ಮೇಲೆ ಬೋರ್ಡಿನ ವೈರು, ಸಿಸಿ ಕ್ಯಾಮೆರಾದ ವೈರು, ಪಕ್ಕದ ಮನೆಯ ಕೇಬಲ್ಲು ಎಲ್ಲ ಹೆಣೆದುಕೊಂಡಿರುತ್ತವೆ. ಕರೆಂಟು ತೆಗೆದು, ಶೀಟನ್ನು ಕೈಯಿಂದ ಬಿಚ್ಚಿ, ಆಮೇಲೆ ಚರಂಡಿ ಮೇಲಿನ ಕಟ್ಟೆಗೆ ಯಂತ್ರ. ನೇರ ಬಕೆಟ್ ಇಳಿಸಿದರೆ ಕಟ್ಟೆಯ ಜೊತೆ ಚಪ್ಪಡಿಯೂ ಚರಂಡಿಗೆ ಬೀಳುತ್ತದೆ, ಅದರಡಿಯ ನಲ್ಲಿ ಪೈಪೂ ಒಡೆಯುತ್ತದೆ. ಅವಶೇಷ ಅದೇ ದಿನ ಟ್ರ್ಯಾಕ್ಟರಿಗೆ ಹೋಗದಿದ್ದರೆ ತೆರವಾದ ಫುಟ್‌ಪಾತಿನ ಮೇಲೆ ಆ ರಾಶಿಯೇ ಹೊಸ ಒತ್ತುವರಿ. ವಾರದೊಳಗೆ ಅದನ್ನು ಸಮತಟ್ಟು ಮಾಡಿ ಯಾರೋ ಕುರ್ಚಿ ಹಾಕಿರುತ್ತಾರೆ.

ತಳ್ಳುಗಾಡಿಯವರ ವಿಷಯದಲ್ಲಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಮರೆಯುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸು ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಕೊಳೆಯುವ ಮಾಲನ್ನು ಅವರು ಬಂದು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು. ಮಾವಿನ ಕಾಲದಲ್ಲಿ ಈ ನಿಯಮದ ಬೆಲೆ ಜಪ್ತಿ ಕೋಣೆಯ ಪಕ್ಕ ಕೂರುವ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ಎಲ್ಲರಿಗಿಂತ ಕಷ್ಟದ್ದು ಮಿರ್ಚಿ ಬಂಡಿ. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ಉರುಳುತ್ತದೆ ನಿಜ, ಆದರೆ ಬಾಣಲೆಯಲ್ಲಿ ಕಾದ ಎಣ್ಣೆ ತುಳುಕುತ್ತಿರುವಾಗ ತಳ್ಳುವ ಧೈರ್ಯ ಯಾರಿಗಿದೆ? ಬೆಳಿಗ್ಗೆ ಮಂಡಕ್ಕಿ ಒಗ್ಗರಣಿಯ ಜೊತೆ, ಸಂಜೆ ಬರೀ ಮಿರ್ಚಿ. ಎಣ್ಣೆ ತಣ್ಣಗಿರುವುದು ನಟ್ಟನಡು ಮಧ್ಯಾಹ್ನ ಮಾತ್ರ. ಆಗ ಎಲ್ಲರೂ ಸಿಗ್ನಲ್ಲಿನ ನೆರಳಿನಲ್ಲಿರುತ್ತಾರೆ.

ಕೊನೆಗೆ ದನಗಳು. ನಂಬರ್ ಪ್ಲೇಟಿಲ್ಲ, ಮೈಕಿಗೆ ಜಗ್ಗುವುದಿಲ್ಲ. ರಾತ್ರಿ ಡಿವೈಡರ್ ಪಕ್ಕ ಒಣಗಿದ ಬೆಚ್ಚನೆಯ ಡಾಂಬರು ಸಿಗುತ್ತದೆ, ಓಡುವ ಗಾಡಿಗಳ ಗಾಳಿಗೆ ನೊಣವೂ ಕಡಿಮೆ. ಹಿಂದಿನಿಂದ ಹೊಡೆದರೆ ಎದುರಿನ ಬೈಕಿನ ಮೇಲೆ ಹೋಗುತ್ತವೆ, ಆದ್ದರಿಂದ ಹಸಿ ಮೇವು ತೋರಿಸಿ ಮುಂದಿನಿಂದ ಕರೆಯಬೇಕು. ಹತ್ತಿಸುವ ಹಲಗೆ ಅಲುಗಾಡಿದರೆ ಹೆಜ್ಜೆ ಇಡವು. ದೊಡ್ಡಿಗೆ ಹಾಕಿದ ಹಸುವಿಗೆ ಹಗಲೆಲ್ಲ ವಾರಸುದಾರರಿಲ್ಲ. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಚೊಂಬು ಹಿಡಿದು ಒಬ್ಬರು ಬರುತ್ತಾರೆ, ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಾರೆ. ದೇವರ ಗೂಳಿಗೆ ಕರೆಯುವುದೇನೂ ಇಲ್ಲದ್ದರಿಂದ ಯಜಮಾನನೂ ಇಲ್ಲ. ಅದು ನಡುರಸ್ತೆಯಲ್ಲಿ ಮಲಗಿದರೆ ಬ್ಯಾರಿಕೇಡ್ ತಂದು ಗಾಡಿಗಳನ್ನೇ ಆಚೆ ಬೀದಿಗೆ ತಿರುಗಿಸುತ್ತಾರೆ.